ಅಂಚಿಲ್ಲದ ಕೆನ್ನೆ

"ಆ ಅಚ್ಚು ಮಾತ್ರ ಮುಟ್ಬೇಡ ಮಗಳೇ. ಬೇಕಾದ್ರೆ ಇಡೀ ಉಗ್ರಾಣ ಹೊತ್ಕೊಂಡು ಹೋಗು, ಅದೊಂದನ್ನ ಬಿಟ್ಟುಬಿಡು."

ನಾಟಕ ಮಂಡಳಿಯ ದರ್ಜಿ ಅಜ್ಜಿ ಹೀಗೆ ಹೇಳಿದ್ದು ಬಾಗಿಲಾಚೆ ನಿಂತುಕೊಂಡು. ರಂಗಮಂದಿರದ ನೆಲಮಾಳಿಗೆಯ ಆ ಉಗ್ರಾಣದೊಳಕ್ಕೆ ಆಕೆ ಕಾಲಿಡುತ್ತಿರಲಿಲ್ಲ. ಒಳಗೆ ಅಕ್ಕ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಮೊಣಕಾಲೂರಿ, ಒಂದು ಗೋಣಿಚೀಲದ ಗಂಟು ಬಿಚ್ಚುತ್ತಿದ್ದಳು. ಮೇಕಪ್ ಕೆಲಸಕ್ಕೆಂದು ಮಂಡಳಿ ಸೇರಿ ಅವಳಿಗೆ ಇನ್ನೂ ಮೂರು ವಾರ. ತಂಗಿ ಅಲ್ಲೇ ನಟಿಯಾಗಿದ್ದರಿಂದ ಎಲ್ಲರ ಬಾಯಲ್ಲೂ ಅವಳು 'ಅಕ್ಕ' ಆಗಿಬಿಟ್ಟಿದ್ದಳು.

ಚೀಲದಿಂದ ಹೊರಬಂದದ್ದು ಪ್ಲಾಸ್ಟರಿನ ಅಚ್ಚು. ಕಣ್ಣಿನ ಕೆಳಗಿನಿಂದ ಗಲ್ಲದವರೆಗೆ ಒಂದು ಎಡಗೆನ್ನೆ. ಒಳಮೈಯಲ್ಲಿ ಸುಟ್ಟ ಚರ್ಮದ ಒಂದೊಂದು ನಿರಿಗೆ, ಒಂದೊಂದು ಬೊಬ್ಬೆ, ಕರಗಿ ಜಾರಿದ ತುಟಿಯ ಮೂಲೆ. ಟಾರ್ಚಿನ ಬೆಳಕಲ್ಲಿ ಅದು ಈಗಷ್ಟೇ ಬೆಂದಂತಿತ್ತು.

"ಯಾಕಜ್ಜಿ, ಕಚ್ಚುತ್ತಾ ಇದು?"

"ಅದಕ್ಕೆ ಮಾಟ ಮಾಡಿಸಿದ್ದಾರೆ."

"ಒಳ್ಳೇದೇ ಆಯ್ತು ಬಿಡಿ! ನಾನು ಮಾಡಿದ್ದು ಒಂದೂ ನೆಟ್ಟಗೆ ಅಂಟ್ತಿಲ್ಲ. ಮಾಟದ ದೆಸೆಯಿಂದಾದ್ರೂ ಅಂಟ್ಲಿ."

ಅಜ್ಜಿ ನಗಲಿಲ್ಲ. ಬೇಸಿಗೆಯಲ್ಲೂ ಕೆನ್ನೆಯಿಂದ ಇಳಿಸದ ಶಾಲನ್ನು ಕಣ್ಣಿನವರೆಗೆ ಎಳೆದುಕೊಂಡು ಮೆಟ್ಟಿಲು ಹತ್ತಿ ಹೋದಳು. ಇನ್ನೆರಡು ಮಾತು ಬಿಡಿಸಿ ಹೇಳಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತೋ! ಹೇಳಲು ನಾಚಿಕೆಯಾಗಿತ್ತು ಅನ್ನುವುದು ಆಮೇಲೆ ಗೊತ್ತಾದ ಸಂಗತಿ.

ಅಕ್ಕನಿಗೂ ಬೇರೆ ದಾರಿ ಇರಲಿಲ್ಲ ಅನ್ನಿ. ಹೊಸ ನಾಟಕದ ನಾಯಕಿ ಎರಡನೇ ಅಂಕದಲ್ಲಿ ಬೆಂಕಿಗೆ ಸಿಕ್ಕು ಅರ್ಧ ಮುಖ ಸುಟ್ಟುಕೊಳ್ಳುತ್ತಾಳೆ. ಆರು ವರ್ಷ ಗುಂಪಿನಲ್ಲಿ ನಿಂತು, ದೀಪ ಹಿಡಿದು, "ಒಡೆಯರು ಬಂದರು" ಎಂಬ ಒಂದೇ ಸಾಲು ಹೇಳಿ ಸವೆದಿದ್ದ ತಂಗಿಗೆ ಕೊನೆಗೂ ಆ ಪಾತ್ರ ಸಿಕ್ಕಿತ್ತು. ಅಕ್ಕ ಮನೆಯಲ್ಲಿ ಮಾಡಿ ತಂದ ನಕಲಿ ಸುಟ್ಟ ಚರ್ಮಗಳನ್ನೋ ನಿರ್ದೇಶಕ ಒಂದೊಂದಾಗಿ ಕಿತ್ತು ಮೇಜಿನ ಮೇಲೆ ಎಸೆದಿದ್ದ. "ಇದೇನ್ರೀ, ಚಪ್ಪಲಿ ಅಟ್ಟೆ ಅಂಟಿಸಿದ ಹಾಗಿದೆ! ಅಂಚು ಕೊನೇ ಸಾಲಿಗೂ ಕಾಣುತ್ತೆ. ನಾಳೆ ಸಂಜೆಯೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಎರಡನೇ ಅಂಕಕ್ಕೆ ಬೇರೆಯವಳಿಗೆ ಮುಖವಾಡ ಹಾಕಿ ನಿಲ್ಲಿಸ್ತೀನಿ." ತಂಗಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಅದು ಅಕ್ಕನಿಗೆ ಕೇಳಿಸಿತ್ತು.

ಅಚ್ಚು ಮನೆಗೆ ಬಂತು.

ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬ್ರಷ್ಷಿನಿಂದ ಧೂಳು ಕೊಡವುವಾಗಲೇ ಮೂಗಿಗೆ ಸುಟ್ಟ ಕೂದಲಿನ ವಾಸನೆ ಬಡಿಯಿತು. ಒಲೆ ಹೊತ್ತಿರಲಿಲ್ಲ. ಪ್ಲಾಸ್ಟರಿನ ಬಣ್ಣವೂ ಬಿಳಿಯಲ್ಲ, ಬೂದಿ ಕಲಸಿದ ಬಣ್ಣ. ಕೆನ್ನೆಯ ಉದ್ದಕ್ಕೂ ಏಳು ತೂತುಗಳಿದ್ದವು. ಸೂಜಿಯಷ್ಟು ಸಣ್ಣ, ಹಿಂದಿನವರೆಗೂ ತೂರಿಹೋದವು. ಅಚ್ಚು ಹೊಯ್ಯುವಾಗ ಗಾಳಿಗುಳ್ಳೆ ಉಳಿದರೆ ಇಂಥ ತೂತು ಬೀಳುತ್ತದೆ, ಅದರಲ್ಲಿ ತೆಗೆದ ಚರ್ಮದ ಮೇಲೆ ಮೊಡವೆಯಂತೆ ಎದ್ದು ಕಾಣುತ್ತದೆ. ಈ ಕೆಲಸ ಗೊತ್ತಿರುವ ಯಾರಾದರೂ ಮೊದಲು ಮಾಡುವುದು ಅದನ್ನು ಮುಚ್ಚುವ ಕೆಲಸ. "ಯಾವನೋ ಅರೆಬರೆ ಕಲಿತವನು ಮಾಡಿದ್ದು" ಎಂದು ಬೈದುಕೊಳ್ಳುತ್ತ ಅಕ್ಕ ಹಸಿ ಪ್ಲಾಸ್ಟರನ್ನು ಕಡ್ಡಿಯ ತುದಿಯಲ್ಲಿ ತೆಗೆದು ಏಳನ್ನೂ ತುಂಬಿದಳು, ಒಣಗಿದ ಮೇಲೆ ಉಜ್ಜಿ ನುಣುಪು ಮಾಡಿದಳು. ಬೆರಳಾಡಿಸಿದರೆ ಎಲ್ಲಿ ತೂತಿತ್ತೆಂದೇ ತಿಳಿಯುತ್ತಿರಲಿಲ್ಲ. ತನ್ನ ಕೈಗೆಲಸಕ್ಕೆ ತಾನೇ ಖುಷಿಪಟ್ಟಳು.

ಮರುದಿನ ಮಧ್ಯಾಹ್ನ ಜೆಲಟಿನ್ ಪುಡಿಗೆ ಗ್ಲಿಸರಿನ್ ಸೇರಿಸಿ, ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದಳು. ಮೂಳೆ ಬೆಂದ ವಾಸನೆ ಮನೆಯೆಲ್ಲ ಹರಡಿತು. ಅದು ಯಾವಾಗಲೂ ಬರುವ ವಾಸನೆಯೇ. ಹೊಯ್ದಾಗ ಅಚ್ಚು ಚುರ್ರೆಂದಿತು. ತಣ್ಣನೆಯ ಪ್ಲಾಸ್ಟರಿಗೆ ಬಿಸಿ ಬಿದ್ದದ್ದಕ್ಕೆ ಹಾಗೆ ಎಂದುಕೊಂಡಳು. ಅರ್ಧ ಗಂಟೆಯ ಮೇಲೆ ಪೌಡರ್ ಉದುರಿಸಿ ಮೆಲ್ಲಗೆ ಬಿಡಿಸಿದರೆ, ಅಬ್ಬಾ! ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳನೆಯ ಅಂಚು. ಕೈಯಲ್ಲಿ ಹಿಡಿದರೆ ಅವಳಿಗೇ ಮೈ ಜುಮ್ಮೆಂದಿತು.

ತಂಗಿ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತಳು. ಅಂಟು ಹಚ್ಚಿ, ಚರ್ಮ ಕೂರಿಸಿ, ಅಂಚನ್ನು ಕರಗಿಸಿ ಮುಖಕ್ಕೆ ಬೆರೆಸಲು ಅಕ್ಕ ಬ್ರಷ್ಷನ್ನು ಬಿಸಿನೀರಿಗೆ ಅದ್ದಿದಳು. ತಿರುಗಿ ನೋಡಿದರೆ ಅಂಚೇ ಇಲ್ಲ. ಬ್ರಷ್ ತಾಗುವ ಮೊದಲೇ ಅದು ತಾನಾಗಿ ಬೆರೆತುಹೋಗಿತ್ತು.

"ಅಕ್ಕಾ, ಬೆಚ್ಚಗಿದೆ."

"ಮೈಬಿಸಿಗೆ ಹಾಗಾಗುತ್ತೆ ಕಣೇ. ಅಲ್ಲಾಡಬೇಡ."

"ಮೈಬಿಸಿ ಅಲ್ಲ. ಒಳಗಿಂದ ಸುಡ್ತಿದೆ. ತೆಗಿ." ಅವಳ ದನಿ ಏರಿತು. "ತೆಗಿ ಅಕ್ಕಾ!"

ಅಕ್ಕ ಕಿವಿಯ ಹತ್ತಿರ ಉಗುರು ಹಾಕಿದಳು. ಅಂಚು ಸಿಗಲಿಲ್ಲ. ಗಲ್ಲದ ಕೆಳಗೆ ಹುಡುಕಿದಳು. ಸಿಗಲಿಲ್ಲ. ಜೆಲಟಿನ್ ಬಿಸಿನೀರಿಗೆ ಕರಗಲೇಬೇಕು. ಬಟ್ಟೆ ಅದ್ದಿ ಒತ್ತಿದಳು. ತಂಗಿ ಕಿರುಚಿದಳು. ಬಟ್ಟೆಯಲ್ಲಿ ಬಂದದ್ದು ರಕ್ತ. ಕರಗಿದ ತುಟಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಸುಟ್ಟ ಕೆನ್ನೆಯೊಳಗೆ ನಾಡಿ ಪಟಪಟ ಬಡಿಯುತ್ತಿತ್ತು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಹಿಂದೆ, ಕಟ್ಟೆಯ ಕತ್ತಲ ಮೂಲೆಯಲ್ಲಿ, ಏನೋ ಉಸಿರೆಳೆದುಕೊಂಡಿತು. ಅಕ್ಕ ತಿರುಗಿದಳು. ಅಲ್ಲಿದ್ದದ್ದು ಅಚ್ಚೊಂದೇ. ಮುಟ್ಟಿದಳು. ಕಾದ ಹೆಂಚಿನಂತೆ ಸುಟ್ಟಿತು.

ಅವಳು ಫೋನ್ ಮಾಡಿದ್ದು ದರ್ಜಿ ಅಜ್ಜಿಗೆ. ಬೇರೆ ಯಾರಿಗೆ ಹೇಳಿದರೆ ನಂಬುತ್ತಿದ್ದರು?

ಅಜ್ಜಿ ಬಂದವಳೇ ತಂಗಿಯ ಮುಖ ನೋಡುವ ಮೊದಲು ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದಳು.

"ತೂತು ಮುಚ್ಚಿದ್ಯಾ?"

"ಗುಳ್ಳೆ ಅಂದ್ಕೊಂಡೆ ಅಜ್ಜಿ..."

"ನಾನು ಕೊರೆದದ್ದು ಕಣೇ ಅದು! ಅದರ ಕಾವು ಆಚೆ ಹೋಗ್ಲಿ, ಯಾರಿಗೂ ಕಚ್ಕೊಳ್ದೆ ಇರ್ಲಿ ಅಂತ." ಎಂದು ಶಾಲು ಬಿಚ್ಚಿದಳು. ಆಕೆಯ ಎಡಗೆನ್ನೆಯ ಮೇಲೂ ಅದೇ ನಿರಿಗೆ, ಅದೇ ಬೊಬ್ಬೆ, ಅದೇ ಜಾರಿದ ತುಟಿ. ತಂಗಿ ಕಣ್ಣು ಮುಚ್ಚಿಕೊಂಡಳು.

"ನನ್ನ ಗೆಳತಿ ಈ ಮಂಡಳಿಯ ನಾಯಕಿಯಾಗಿದ್ಲು. ಅವಳ ಚೆಲುವು ಕಂಡ್ರಾಗದ ಒಬ್ಬಳು, ಸುಟ್ಟ ಹೆಣದ ಬೂದಿ ಕಲಸಿ ಮಾಟಗಾರನ ಕೈಯಲ್ಲಿ ಈ ಅಚ್ಚು ಹುಯ್ಸಿದ್ಲು. ಇದರಲ್ಲಿ ತೆಗೆದ ಚರ್ಮ ಗೆಳತಿಗೆ ಅಂಟ್ಕೊಳ್ತು. ಅವಳ ಗೋಳು ನೋಡಕ್ಕಾಗದೆ ನಾನು ಇಸ್ಕೊಂಡೆ."

"ಇಸ್ಕೊಳ್ಳೋದು ಅಂದ್ರೆ?"

"ಇದರಲ್ಲೇ ಇನ್ನೊಂದು ಹುಯ್ದು, ನಾನೇ ಇಸ್ಕೊಳ್ತೀನಿ ಅಂತ ಮನಸಾರೆ ಒಪ್ಪಿ ಕೆನ್ನೆಗೆ ಹಚ್ಕೊಂಡ್ರೆ ಮೊದಲಿನವಳಿಗೆ ಬಿಡುತ್ತೆ. ಒಂದು ಮುಖಕ್ಕೆ ಒಂದೇ ಸಲ ಇಸ್ಕೊಳ್ಳೋಕಾಗೋದು. ಇಲ್ಲದಿದ್ರೆ ನಾನೇ ಇಸ್ಕೊಳ್ತಿದ್ದೆ."

"ಈಗಲೇ ಒಡೆದುಹಾಕಿದ್ರೆ?"

"ಇವಳಿಗೆ ಜನ್ಮಪೂರ್ತಿ ಅಲ್ಲೇ ನಿಲ್ಲುತ್ತೆ. ಬಿಟ್ಟ ಮೇಲೆ ಒಡೀಬೇಕು. ಇಸ್ಕೊಂಡವಳೇ ಒಡೀಬೇಕು, ಆಗ್ಲೇ ಮಾಟ ಅವಳಲ್ಲಿಗೇ ಮುಗಿಯೋದು."

"ಮತ್ತೆ ನೀವ್ಯಾಕೆ ಒಡೀಲಿಲ್ಲ?"

ಅಜ್ಜಿ ಶಾಲನ್ನು ಮತ್ತೆ ಕೆನ್ನೆಗೆ ಎಳೆದುಕೊಂಡಳು. "ಅವತ್ತು ಸಂಜೆ ಅವಳು ರಂಗದ ಮೇಲೆ ಹೋದ್ಲು. ಚಪ್ಪಾಳೆ ಬಿತ್ತು. ನಾನು ಕೆಳಗೆ ಸುತ್ತಿಗೆ ಹಿಡ್ಕೊಂಡು ಕೂತಿದ್ದೆ. ಕೈ ಬರ್ಲಿಲ್ಲ ಮಗಳೇ. ಏಳು ತೂತು ಕೊರೆಯೋಷ್ಟು ಒಳ್ಳೇತನ ಉಳಿದಿತ್ತು, ಒಡೆಯೋಷ್ಟು ಉಳಿದಿರ್ಲಿಲ್ಲ. ನೀನು ಮಾತ್ರ ಕಾಯ್ಬೇಡ. ಬಿಟ್ಟ ಗಳಿಗೆಯಲ್ಲೇ ಒಡೆದುಬಿಡು."

ಅಕ್ಕ ಯೋಚನೆಯನ್ನೇ ಮಾಡಲಿಲ್ಲ. ಇದನ್ನು ನೆನಪಿಡಬೇಕು, ಯಾಕೆಂದರೆ ಮುಂದೆ ಅವಳನ್ನು ಬೈಯುವುದು ಸುಲಭ. "ಬೇಡ ಅಕ್ಕಾ" ಎಂದು ತಂಗಿ ಅರೆಬಾಯಲ್ಲಿ ತೊದಲುತ್ತಿದ್ದರೂ ಒಲೆ ಹಚ್ಚಿದಳು. ಕರಗಿಸಿದಳು. ಹೊಯ್ದಳು. ಕಾದಳು. ತನ್ನ ಕೆನ್ನೆಗೆ ತಾನೇ ಅಂಟು ಬಳಿದುಕೊಂಡು, "ನಂಗೆ ಬರ್ಲಿ, ಇವಳನ್ನ ಬಿಡು" ಎಂದು ಒತ್ತಿಕೊಂಡಳು.

ಮೊದಲು ಬೆಚ್ಚಗಾಯಿತು. ಆಮೇಲೆ ಕೆಂಡ. ಕೆನ್ನೆಯೊಳಗೆ ಯಾರೋ ಕೈಹಾಕಿ ಹಿಂಡಿದರು. ಕಿವಿಯಲ್ಲಿ ಉರಿಯ ಭುಗಿಲು. ಒಂದು ಕಣ್ಣು ಮಂಜಾಯಿತು. ಬಾಯಿ ಒಂದು ಕಡೆಗೆ ಎಳೆಯಿತು. ಕೂಗಲು ಹೋದರೆ ತುಟಿ ಕೂಡಲಿಲ್ಲ. ಅಷ್ಟರಲ್ಲಿ ಪಚಕ್ಕೆಂದು ಏನೋ ನೆಲಕ್ಕೆ ಬಿತ್ತು. ತಂಗಿಯ ಕೆನ್ನೆಯಿಂದ ಕಳಚಿದ ಜೆಲಟಿನ್ ಚೂರು. ಬರೀ ಜೆಲಟಿನ್.

ತಂಗಿ ಅಕ್ಕನನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕಾಲಿಗೆ ಬಿದ್ದಳು. ಮತ್ತೆ ತಬ್ಬಿಕೊಂಡಳು. ಗಂಟೆ ನಾಲ್ಕೂವರೆಯಾಗಿತ್ತು, ಐದಕ್ಕೆ ರಂಗಮಂದಿರದಲ್ಲಿರಬೇಕು. "ನಾನು ಹೋಗಲ್ಲ" ಅಂದಳು. "ಹೋಗು. ಇಷ್ಟೆಲ್ಲ ನಾನ್ಯಾಕೆ ಮಾಡ್ದೆ ಮತ್ತೆ?" ಎಂದು ಅಕ್ಕ ಸೊಟ್ಟ ಬಾಯಲ್ಲಿ ಹೇಳಿ ಅವಳನ್ನು ಮುಖ ತೊಳೆಯಲು ಕಳಿಸಿದಳು. ಅಜ್ಜಿ ಸುತ್ತಿಗೆಯನ್ನು ಅಕ್ಕನ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಾಚೆ ನಿಂತಳು. ಒಡೆಯುವುದನ್ನು ಕಣ್ಣಾರೆ ನೋಡುವ ಧೈರ್ಯ ಆಕೆಗಿರಲಿಲ್ಲ.

ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಸುತ್ತಿಗೆ ಎತ್ತಿದಳು.

ಆಗ ಬಚ್ಚಲಿನಿಂದ ತಂಗಿಯ ದನಿ ಬಂತು. ಕನ್ನಡಿ ಮುಂದೆ ನಿಂತಿದ್ದಿರಬೇಕು.

"ಅಕ್ಕಾ, ನೋಡು ಬಾ! ಒಂದು ಕಲೆ ಇಲ್ಲ! ಮೊದಲಿಗಿಂತ ಚೆನ್ನಾಗಿದೆ! ಎರಡನೇ ಅಂಕಕ್ಕೆ ಬರೀ ಬಣ್ಣ ಬಳ್ಕೊಂಡು ಹೋಗ್ತೀನಿ ಬಿಡು. ಮುಖ ಇದ್ಯಲ್ಲ, ಅಷ್ಟು ಸಾಕು!"

ಮರುಕ್ಷಣವೇ ಅವಳು ಬಾಯಿ ಮುಚ್ಚಿಕೊಂಡಳು. ತಾನೇನು ಹೇಳಿದೆ ಎಂದು ಹೊಳೆದು ನಲ್ಲಿ ನಿಲ್ಲಿಸಿದಳು. ಸಂತೋಷಕ್ಕೆ ಬಂದ ಮಾತು ಅದು, ಅಕ್ಕನಿಗೆ ಗೊತ್ತು. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಆಡುವ ಹುಡುಗಿಯಲ್ಲ. ಆದರೂ ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ಅಂಥ ಕಿಚ್ಚನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕೆನ್ನೆಯ ಉರಿ ಅದರ ಮುಂದೆ ಏನೇನೂ ಅಲ್ಲ.

ಸುತ್ತಿಗೆ ಮೇಲೆಯೇ ನಿಂತಿತ್ತು.

"ಮಗಳೇ, ಒಡೆದ್ಯಾ?" ಹೊರಗಿನಿಂದ ಅಜ್ಜಿ ಕೂಗಿದಳು.

ಅಕ್ಕ ಕೈ ಚಾಚಿ, ಕಪಾಟಿನ ಕೆಳಗಿನಿಂದ ತಾನೇ ಮಾಡಿದ್ದ ಹಳೆಯ ಅಚ್ಚೊಂದನ್ನು ಎಳೆದುಕೊಂಡಳು. ಅದರ ಮೇಲೆ ಬಲವಾಗಿ ಒಂದೇಟು ಹಾಕಿದಳು. ಪ್ಲಾಸ್ಟರ್ ಚೂರುಚೂರಾಗಿ ಗೋಡೆಗೆ ಸಿಡಿಯಿತು.

"ಹ್ಞೂಂ, ಒಡೆದೆ."

"ಪುಣ್ಯಾತ್ಮಳು! ನನ್ನ ಕೈಲಾಗದ್ದು ಮಾಡ್ದೆ" ಎಂದು ಅಜ್ಜಿ ಅಲ್ಲೇ ಕುಸಿದು ಕೂತು ಅಳತೊಡಗಿದಳು. ತಂಗಿ ಬಚ್ಚಲಿನಿಂದ ಓಡಿಬಂದು ಆಕೆಯನ್ನು ಎಬ್ಬಿಸಿದಳು. ಇಬ್ಬರೂ ಆಟೋ ಹತ್ತಿ ಹೋಗುವ ಸದ್ದು ಅಕ್ಕನಿಗೆ ಕೇಳಿಸಿತು.

ಆಮೇಲೆ ಅವಳು ಬೂದಿಬಣ್ಣದ ಅಚ್ಚನ್ನು ಮಡಿಲಿಗೆಳೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಸೋಪಿನ ನೀರಲ್ಲಿ ತೊಳೆದಳು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದಳು. ಮುಂದಿನ ಸಲ ಹೊಯ್ದದ್ದು ಸಲೀಸಾಗಿ ಬಿಟ್ಟು ಬರಲೆಂದು ಒಳಗೆಲ್ಲ ತೆಳ್ಳಗೆ ಎಣ್ಣೆ ಸವರಿದಳು.