ಹತ್ತು ಕೊಟ್ಟಲ್ಲಿ ಒಂಬತ್ತು

ಜೂನ್ 11, ಮಂಗಳವಾರ, ಬೆಳಿಗ್ಗೆ 8.40. ಹೆಡ್ ಕಾನ್‌ಸ್ಟೆಬಲ್ ಪೂರ್ವಿ ಠಾಣೆಯ ರೈಫಲ್ಲಿನ ನಳಿಗೆಯೊಳಗೆ ಎಣ್ಣೆಬಟ್ಟೆ ಎಳೆಯುತ್ತಿದ್ದಾಗ ಅರಣ್ಯ ಕಾವಲುಗಾರ ಏದುಸಿರು ಬಿಡುತ್ತ ಬಂದ. ಅಹಮದಾಬಾದಿನ ಅಂಚಿನ ವಟ್ವಾದ ಹೊರಗಿನ ಹೊಲದಲ್ಲಿ ಯಾರೋ ಗಬ್ಬದ ನೀಲ್‌ಗಾಯಿಗೆ ಗುಂಡು ಹೊಡೆದಿದ್ದರು. ಎಫ್‌ಐಆರ್ ಆಯಿತು. ಪಂಚನಾಮೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಖಾಲಿ ತೋಟಾ, ಹಳೆಯ ಮೂರು-ಹದಿನೈದು ಬೋರಿನದು.

ಠಾಣೆಯ ಸರಹದ್ದಿನಲ್ಲಿ ಆ ಜಾತಿಯ ರೈಫಲ್ಲುಗಳು ನಾಲ್ಕೇ. ತೋಟಾದ ಬುಡದ ಮೇಲಿನ ಗುರುತು ಬ್ಯಾಂಕ್ ಕಾವಲುಗಾರ ಹಾಲೇಶನ ರೈಫಲ್ಲಿಗೆ ತಾಳೆಯಾಯಿತು. ರೈಫಲ್ ಜಪ್ತಿಯಾಯಿತು, ಲೈಸೆನ್ಸ್ ಅಮಾನತಾಯಿತು. ಬಂದೂಕಿಲ್ಲದ ಕಾವಲುಗಾರನಿಗೆ ಕಾವಲು ಏಜೆನ್ಸಿ ಕೆಲಸಕ್ಕೆ ಬರಬೇಡವೆಂದಿತು.

ಇನ್‌ಸ್ಪೆಕ್ಟರ್ ಕೃಷ್ಣರಾಜ ಕನ್ನಡದ ರೈಲ್ವೆ ನೌಕರನ ಮಗ, ಅಹಮದಾಬಾದಿನಲ್ಲೇ ಬೆಳೆದವನು. ಹಾಲೇಶನೂ ಕನ್ನಡದವನೆಂದು ತಿಳಿದು ಕನ್ನಡದಲ್ಲೇ ಕೇಳಿದ.

"ಹೊಡೆದಿದ್ದು ನೀವಾ?"

"ಹೊಡ್ದಿದ್ರೆ ಖಾಲಿ ತೋಟಾ ಬಿಟ್ ಬರ್ತಿದ್ನಾ ಸಾರ್? ಖಾಲಿ ವಾಪಸ್ ಕೊಡ್ದೆ ಅಂಗಡಿಯೋನು ಹೊಸದು ಕೊಡಲ್ಲ. ಹದಿನೆಂಟು ವರ್ಷದಿಂದ ಎತ್ತಿ ಜೇಬಿಗ್ ಹಾಕ್ಕಳದೇ ಅಭ್ಯಾಸ."

"ಕೊನೇ ಸಲ ಎಷ್ಟು ಕೊಟ್ರಿ?"

"ಹತ್ತು. ಎಲ್ಲಾ ಗುರಿ ಅಭ್ಯಾಸದ್ದು. ವಡೋದರಾದ ಅಂಗಡೀಲಿ. ರಸೀದಿ ಐತೆ."

ಬಾಗಿಲಲ್ಲಿ ನಿಂತಿದ್ದ ಹಾಲೇಶನ ಹೆಂಡತಿ ಸುಮತಿ ಸಿಡಿದಳು. "ಕಳ್ಳನ್ನ ಬಿಟ್ಟು ಕಾಯೋನ್ನ ಹಿಡಿದೀರಲ್ಲ, ಇದೇನಾ ನಿಮ್ ಡ್ಯೂಟಿ?"

ಕೃಷ್ಣರಾಜ ರಸೀದಿಯ ನಂಬರು ಬರೆದುಕೊಂಡ.

ಜೂನ್ 19ರಂದು ಪಶುವೈದ್ಯರು ಮೃಗದ ಭುಜದಿಂದ ತೆಗೆದ ಗುಂಡು ಬಂತು. ಪೂರ್ವಿ ಅದನ್ನು ಮೂರು-ಹದಿನೈದರ ಗುಂಡಿನ ಪಕ್ಕದಲ್ಲಿಟ್ಟಳು. ಹಳೆಯದು ದಪ್ಪ, ಮೂತಿ ಮೊಂಡು, ಓಟವೂ ನಿಧಾನ. ಇದರ ಮೂತಿ ಅರಳಿ ಹೋಗಿದ್ದರೂ ಬುಡ ಸಪೂರವಾಗಿತ್ತು.

"ಸಾಹೇಬ್, ಇದು ಹಾಲೇಶ್‌ಭಾಯಿಯ ನಳಿಗೆಯಲ್ಲಿ ಸಡಿಲವಾಗುತ್ತೆ. ಇದು ಹೊಸ ಥರ್ಟಿ-ಆಟ್-ಸಿಕ್ಸ್ ರೈಫಲ್ಲಿನದು."

ಜೂನ್ 21, ವಡೋದರಾ. ಹಾಲೇಶ ಹೇಳಿದ್ದ ಬಂದೂಕಿನಂಗಡಿಯ ಅಜಯ್ ಪರೀಖ್, ಕೃಷ್ಣರಾಜನಿಗೂ ಪೂರ್ವಿಗೂ ಚಹಾ ತರಿಸಿದ.

"ಮೂರು-ಹದಿನೈದು ಅಜ್ಜನ ಕಾಲದ ಎತ್ತಿನಗಾಡಿ ಸಾಹೇಬ್! ಥರ್ಟಿ-ಆಟ್-ಸಿಕ್ಸ್ ನೋಡಿ, ಮುನ್ನೂರು ಮೀಟರಿಗೂ ಗೆರೆ ಎಳೆದ ಹಾಗೆ ಹೋಗುತ್ತೆ. ಒಂದೇ ಏಟು."

"ಯಾವುದಕ್ಕೆ ಹೊಡೆದು ನೋಡಿದಿರಿ?" ಕೃಷ್ಣರಾಜ ಕೇಳಿದ.

ಅಜಯ್ ಚಹಾದ ಕಪ್ ಕೆಳಗಿಟ್ಟ.

"ಹಾಲೇಶ ಕೊಟ್ಟ ಖಾಲಿಗಳನ್ನು ತೆಗೀರಿ."

ರಸೀದಿಯಲ್ಲಿ ಹತ್ತು. ಪೂರ್ವಿ ಎರಡು ಸಲ ಎಣಿಸಿದಳು. ಡಬ್ಬಿಯಲ್ಲಿ ಒಂಬತ್ತು.

ಅಜಯ್‌ನ ರೈಫಲ್ ಪ್ರಯೋಗಾಲಯಕ್ಕೆ ಹೋಯಿತು, ಗುಂಡಿನ ಗೆರೆಗಳು ತಾಳೆಯಾದವು. ಜೂನ್ 27, ಬೆಳಿಗ್ಗೆ 11.15ಕ್ಕೆ ಬಂಧನ.

ಹಸಿದು ಹೊಡೆದವನಲ್ಲ, ಬೆಳೆ ಕಾಯಲು ಹೊಡೆದವನೂ ಅಲ್ಲ. ಸೂರತ್‌ನ ಉಧ್ನಾದ ಗಿರಾಕಿಯೊಬ್ಬ ನಾಲ್ಕು ಜನರೆದುರು, "ನಮ್ಮಪ್ಪನ ಹಳೇ ತೋಟಾನೇ ಸಾಕು, ನಿನ್ನದು ಬರೀ ಸದ್ದು" ಎಂದು ನಕ್ಕಿದ್ದನಂತೆ. ಆ ನಗುವನ್ನು ನುಂಗಲಾರದೆ, ತನ್ನ ತೋಟಾದ ಬಲ ತೋರಿಸಲು ಎರಡು ಜೀವ ತೆಗೆದ, ಹಾಲೇಶನ ಹತ್ತನೆಯ ಖಾಲಿಯನ್ನು ಹೊಲದಲ್ಲಿ ಎಸೆದು ತಪ್ಪನ್ನು ಬಡವನ ತಲೆಗೆ ಕಟ್ಟಿದ.

ಅಮಾನತು ರದ್ದು ಮಾಡಬೇಕೆಂಬ ಪತ್ರವನ್ನು ಕೃಷ್ಣರಾಜ ಮರುದಿನವೇ ಬರೆದ. ಲೈಸೆನ್ಸ್ ಕಿತ್ತುಕೊಳ್ಳಲು ಒಂದು ಮಧ್ಯಾಹ್ನ ಸಾಕಾಗಿತ್ತು. ಈ ಪತ್ರ ಮೇಲಧಿಕಾರಿಯ ಮೇಜಿನ ಮೇಲೆ ಐದು ವಾರ ಕೂತಿತು. ಪ್ರತಿ ಸೋಮವಾರ ಸುಮತಿ ಠಾಣೆಗೆ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು.

ಆಗಸ್ಟ್ 6ರಂದು ಕೃಷ್ಣರಾಜ ಆ ಮೇಲಧಿಕಾರಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ. ಊಟಕ್ಕೂ ಏಳಲಿಲ್ಲ. ನಾಲ್ಕು ಗಂಟೆಗೆ ಸಹಿ ಬಿತ್ತು. 4.50ಕ್ಕೆ ಪೂರ್ವಿ ಲಕೋಟೆಯನ್ನು ತಾನೇ ಲೈಸೆನ್ಸ್ ಕಚೇರಿಗೆ ಒಯ್ದು ಕೊಟ್ಟು, ಮುಟ್ಟಿದ್ದಕ್ಕೆ ಮೊಹರು ಹಾಕಿಸಿಕೊಂಡಳು.