ಬಿಚ್ಚದ ರುಮಾಲು

ಅರಗಿನ ಮುದ್ರೆ ಒಡೆದಿರಲಿಲ್ಲ. ಗಂಟು ಸಡಿಲಾಗಿರಲಿಲ್ಲ. ಆದರೂ ಮಮದಾಪುರದ ದುಂಡವ್ವನ ಫೈಲು ಮಾಯವಾಗಿತ್ತು!

ಜೋರಾಪುರ ಪೇಟೆಯ ದಫ್ತರಖಾನೆಗೆ ಸಬ್‌ಇನ್ಸ್‌ಪೆಕ್ಟರ್ ಯಲಗೂರಪ್ಪ ಬಂದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಬಂದೋಬಸ್ತು ಮುಗಿಸಿ ಬಂದಿದ್ದ ಆತನಿಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು. ಆದರೆ ಹೊರಗೆ ಕಟ್ಟೆಯ ಮೇಲೆ ದುಂಡವ್ವ ಕೂತಿದ್ದಳು. ಗಂಡ ಉಳುತ್ತಿದ್ದ, ಅವನ ನಂತರ ತಾನೇ ಉಳುತ್ತ ಬಂದ ಹೊಲ ಆಕೆಯದಾಗಬೇಕಾದರೆ, ನಾಳೆ ಭೂನ್ಯಾಯ ಮಂಡಳಿಯ ಮುಂದೆ ಆ ಫೈಲಿನೊಳಗಿನ ಗೇಣಿಯ ಕಾಗದ ಇಡಬೇಕಿತ್ತು.

ಹಳೆಯ ಫೈಲುಗಳನ್ನು ಅಲ್ಲಿ ಕೆಂಪು ರುಮಾಲಿನಲ್ಲಿ ಬಿಗಿದು ಮುದ್ರೆ ಒತ್ತುತ್ತಿದ್ದರು. ಪ್ರತಿ ಫೈಲಿನ ದಾರಕ್ಕೊಂದು ಹೆಸರು ಬರೆದ ಸರಕಾರಿ ಅಚ್ಚಿನ ಚೀಟಿ ಗಂಟಿನ ಹೊರಗೆ ಜೋತಾಡುತ್ತಿತ್ತು. ಒಳಗೇನಿದೆಯೆಂದು ತಿಳಿಯಲು ಚೀಟಿ ಓದಿದರೆ ಸಾಕು.

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಈ ರುಮಾಲು ಕಟ್ಟಿದವನು ದಫ್ತರ ನೋಡಿಕೊಳ್ಳುವ ಗೈಬುಸಾಬ. ದುಂಡವ್ವನ ಫೈಲು ತಾನೇ ಒಳಗಿಟ್ಟೆನೆಂದು ಹೇಳಿ ಹೇಳಿ ಮುದುಕ ಸೋತಿದ್ದ. ಈಗ ಆ ಹೆಸರಿನ ಚೀಟಿಯೇ ಇಲ್ಲ!

ಗುಮಾಸ್ತ ತುಕಾರಾಮ ಮೆಲ್ಲಗೆ ಹೇಳಿದ: "ಮುದ್ರಿ ಒಡದಿಲ್ಲಂದ್ರ, ಕಟ್ಟೂಕಿಂತ ಮೊದಲ ಹೋಗೇತ್ರಿ ಸಾಹೇಬ್ರ. ಕಟ್ಟಿದವ್ರು ಯಾರು?"

ಮೇಲಧಿಕಾರಿಗಳೂ ಹಾಗೆಯೇ ನಂಬಿದ್ದರು. ಗೈಬುಸಾಬನ ನೌಕರಿ ಇಂದೋ ನಾಳೆಯೋ ಎನ್ನುವಂತಿತ್ತು.

ಯಲಗೂರಪ್ಪ ರುಮಾಲನ್ನು ಕಿಟಕಿಯ ಬೆಳಕಿಗೆ ತಂದು ಚೀಟಿಗಳನ್ನು ಒಂದೊಂದಾಗಿ ತಿರುವಿದ. ಎಲ್ಲವೂ ಹಳದಿಗಟ್ಟಿದ್ದವು. 'ಹುಚ್ಚವ್ವ, ಅರಕೇರಿ' ಎಂಬಲ್ಲಿ ಬೆರಳು ನಿಂತಿತು. ಖಾಲಿ ಚೀಟಿಗಳು ಎಲ್ಲಿರುತ್ತವೆ ಎಂದು ಗೈಬುಸಾಬನನ್ನು ಕೇಳಿದ. ಮುದುಕ ಡಬ್ಬಿ ತೆರೆದು ತೋರಿಸಿದ—ಹಳೆಯವೇ ಇನ್ನೂ ಮುಗಿದಿರಲಿಲ್ಲ. ಹೊಸವು? ಅವು ಹೊರಗಿನ ಕಪಾಟಿನಲ್ಲಿ. ಕೀಲಿ ತುಕಾರಾಮನ ಹತ್ತಿರ.

"ಮುದ್ರಿ ಒಡೀರಿ," ಎಂದ ಯಲಗೂರಪ್ಪ.

ಹುಚ್ಚವ್ವನ ಚೀಟಿಯ ದಾರ ಹಿಡಿದು ಎಳೆದರೆ ಬಂದದ್ದು ದುಂಡವ್ವನ ಫೈಲು!

"ಫೈಲು ಒಳಗ ಐತಿ. ಹೊರಗಿನ ಹೆಸರಷ್ಟ ಬದಲಾಗೇತಿ," ಎಂದು ಆತ ದಣಿದ ದನಿಯಲ್ಲಿ ಹೇಳಿದ. "ಎಲ್ಲಾರೂ ಹೆಸರು ಓದೀರಿ, ಮ್ಯಾಲಿನ ಅಚ್ಚು ಓದಿಲ್ಲ. ಉಳಿದವಕ್ಕ 'ಮೈಸೂರು ಸರಕಾರ' ಅಂತ ಐತಿ. ಇದಕ್ಕ 'ಕರ್ನಾಟಕ ಸರಕಾರ'. ಆ ಹೆಸರು ಬಂದು ಇನ್ನೂ ಮೂರು ವರ್ಷ ಆಗಿಲ್ಲ. ಚಹಾದಾಗ ಅದ್ದಿದ್ರ ಚೀಟಿ ಹಳೇದಾಕ್ಕತಿ, ಅಚ್ಚು ಹಳೇದಾಗಂಗಿಲ್ಲ, ತುಕಾರಾಮ."

ತುಕಾರಾಮ ಕಪಾಟಿನ ಕೀಲಿ ತೆಗೆದು ಸಾಹೇಬರ ಮುಂದಿಟ್ಟ. ಆ ಹೊಲದ ಧಣಿ ಅವನ ಹೆಂಡತಿಯ ತಂದೆ.

"ಹೇಣ್ತಿ ದಿನಾ ಅಳತಿದ್ಳ್ರಿ. ನಾ ಕದ್ದಿಲ್ಲ, ಸುಟ್ಟಿಲ್ಲ. ನಾಳಿಂದು ಮುಗದ ಮ್ಯಾಲ ಹಳೇ ಚೀಟಿ ತಿರಗಿ ಕಟ್ಟಾವಿದ್ದೆ."

"ಅಷ್ಟೊತ್ತಿಗೆ ಹೊಲ ಯಾರದಾಗಿರ್ತಿತ್ತು?"



ಗೈಬುಸಾಬ ಫೈಲು ಹಿಡಿದು ತಾನೇ ಹೊರಗೆ ಹೋದ. ಓದಲು ಬಾರದ ದುಂಡವ್ವ ಗೇಣಿ ಕಾಗದದ ಮೇಲೆ ಗಂಡನ ಹೆಬ್ಬೆಟ್ಟಿನ ಗುರುತು ಹುಡುಕಿ, ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಳು.