ಬೆರಳು ಓದಿದ ಐನೂರ ಮೂವತ್ತು

ರುದ್ರಪ್ಪನವರು ಗಂಗೂಬಾಯಿಯವರ ಪಡಸಾಲೆಗೆ ಬಂದದ್ದು ಗೆಳೆಯ ನರಹರಿಯ ಕೈ ಹಿಡಿದುಕೊಂಡು. ರೈಲು ಇಂಜಿನ್ ಓಡಿಸುತ್ತಿದ್ದ ಅವರ ಕಣ್ಣು ಹೋದ ಮೇಲೆ, ಆರು ವರ್ಷ ಅವರು ನಾಗಪುರ ತಿರುಗಿದ್ದೇ ಆ ಕೈ ಹಿಡಿದು.

ಗಂಗೂಬಾಯಿ ಅಲ್ಲಿನ ಸದರ್ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಜನರ ಕಳವು, ಮೋಸಗಳ ಎಳೆಯನ್ನೂ ಬಿಡಿಸುತ್ತಿದ್ದರು. ಮಹಡಿಯ ಬಾಡಿಗೆದಾರನಾದ ನಾನು ಆ ಕೆಲಸದಲ್ಲಿ ಅವರ ಬಾಲ.

ರುದ್ರಪ್ಪ ಒಂದು ಹಾಳೆ ಚಾಚಿದರು. "ಬಾಯಾರ, ಸಂಘದಾಗಿನ ನನ್ನ ರೊಕ್ಕ ಐನೂರಾ ಮೂವತ್ತು ಅಂತೈತಿ ನನ್ನ ಬೆರಳು. ಹಾಳಿ ತಂದುಕೊಟ್ಟ ಉಮಾಪತಿ ಓದಿದ್ರ ಇನ್ನೂರಾ ಮೂವತ್ತು. ತಿಂಗಳ ಕೊನಿಗೆ ಮನಿ ಬಿಡಬೇಕು, ಹೊಸಾ ಮನಿಗೆ ಐನೂರು ಮುಂಗಡ. ನಾ ಎಲ್ಲಿ ಹೋಗಲಿ?"

ನರಹರಿ ತಟ್ಟನೆ ತಿರುಗಿದ. "ಬೆರಳು ಓದ್ತದೇನೋ ರುದ್ರಾ? ನಾ ಆ ತೂತುಗಳನ್ನ ಕಸೂತಿ ಅಂದ್ಕೊಂಡಿದ್ದೆ! ಆ ಹುಡುಗಿ ತಪ್ಪು ಚುಚ್ಚಿರಬೇಕು ಬಿಡು."

ಆ ಹುಡುಗಿ, ಶಾಲೆ ಓದುತ್ತಲೇ ಸಂಘದ ಬರವಣಿಗೆ ನೋಡುತ್ತಿದ್ದ ಕೃಷ್ಣವೇಣಿ. ನಾಗಪುರದ ನಮ್ಮ ಕನ್ನಡಿಗರ ಉಳಿತಾಯ ಸಂಘ ಸದಸ್ಯರಿಗೆ ಕಳಿಸುತ್ತಿದ್ದ ಇಂಗ್ಲಿಷ್ ವರದಿಯ ಇರುವೆಯಂಥ ಅಕ್ಷರ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಅದನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಹೊಸದಾಗಿ ಬರೆದಳು: ಸದಸ್ಯರ ನಂಬರು, ಉಳಿದ ಹಣ, ಅಷ್ಟೇ. ರುದ್ರಪ್ಪನವರ ಹಾಳೆಯಲ್ಲಿ ಮಾತ್ರ ಐದಕ್ಕೆ ಐದು, ಮೂರಕ್ಕೆ ಮೂರು, ಸೊನ್ನೆಗೆ ಹತ್ತು ತೂತು ಎಂದು ಅಂಕಿಗಳ ಮೇಲೇ ಸೂಜಿಯಿಂದ ಚುಚ್ಚಿದ್ದಳು. ಹಿಂಬದಿ ಸವರಿದರೆ ಬೆರಳಿಗೆ ತಿಳಿಯುತ್ತಿತ್ತು.

"ಯಾರಿಗೆಲ್ಲ ಗೊತ್ತಿತ್ತು?" ಎಂದರು ಗಂಗೂಬಾಯಿ.

"ನಮ್ಮ ಮನಿ ಕಟ್ಟಿಮ್ಯಾಲೆ ಕಲಿಸ್ಯಾಳ್ರೀ. ಉಮಾಪತೀನೂ ಕಣ್ಣು ಮುಚ್ಚಿ ಸವರಿ ನೋಡಿದ. ಏಳಕ್ಕ ಒಂಬತ್ತಂದ, ನಕ್ಕೇ ನಕ್ಕೆವು."

ಹಾಳೆ ಬರೆದವಳು ಕೃಷ್ಣವೇಣಿ, ರುಜು ಹಾಕಿದವನು ಖಜಾಂಚಿ ನರಹರಿ, ಮನೆಗೆ ಮುಟ್ಟಿಸಿದವನು ಉಮಾಪತಿ. ಸಂಘದ ಖಾತೆಪುಸ್ತಕದಲ್ಲೂ ರುದ್ರಪ್ಪನವರ ಹೆಸರಿನಲ್ಲಿ ಮುನ್ನೂರು ತೆಗೆದದ್ದು ದಾಖಲಾಗಿತ್ತು. ಪುಸ್ತಕ ಮೂವರ ಕೈಯಲ್ಲೂ ಆಡುತ್ತಿತ್ತು. ಗಂಗೂಬಾಯಿ ಹಾಳೆಯ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿದರು, ನನಗೂ ತೋರಿಸಿದರು. ಒಂದೇ ಅಂಕಿಯ ಬೆನ್ನಲ್ಲಿ ಐದು ಮಸಿಚುಕ್ಕೆ.

ಮರುದಿನ ಸಂಜೆ ಎಲ್ಲರನ್ನೂ ಕರೆಸಿದರು. ಕೃಷ್ಣವೇಣಿಯ ಕಣ್ಣು ಅತ್ತು ಕೆಂಪಾಗಿತ್ತು.

"ಮಸಿ ಒಣಗಿದ ಮ್ಯಾಲೆ ಚುಚ್ಚಿದ್ರ ತೂತು ಸ್ವಚ್ಛ ಇರತಾವ," ಎಂದು ಹಾಳೆ ತಿರುಗಿಸಿದರು ಗಂಗೂಬಾಯಿ. "ಮೂರು, ಸೊನ್ನಿ, ಸದಸ್ಯರ ನಂಬರು, ಎಲ್ಲಾ ಸ್ವಚ್ಛ. ಎರಡರ ತೂತಿನಾಗ ಮಾತ್ರ ಮಸಿ ಇಳದೈತಿ. ಅಂದ್ರ ಚುಚ್ಚಿದ ಮ್ಯಾಲೆ ಐದನ್ನ ಬ್ಲೇಡಿನಿಂದ ಕೆರದು ಎರಡು ಬರದಾರ. ಕೃಷ್ಣವೇಣಿನೋ ಉಮಾಪತಿನೋ ತಿದ್ದಿದ್ರ ತೂತು ಹಂಗ ಬಿಡ್ತಿದ್ರೇನು? ಅವು ಮಾತಾಡ್ತಾವ ಅಂತ ಅವ್ರಿಗೆ ಬರೋಬರ್ ಗೊತ್ತು. ಕಸೂತಿ ಅಂತ ತಿಳಿದಾವ ಒಬ್ಬನ."

ನರಹರಿಯ ತಲೆ ಬಾಗಿತು. "ಮುಂದಿನ ಪಗಾರಕ್ಕ ಇಟ್ಟುಬಿಡ್ತಿದ್ದೆ, ರುದ್ರಾ. ನಿನಗ ತಿಳೀತಿರಲಿಲ್ಲ."

ಅವನ ಹೆಂಡತಿಯ ಬಳೆ ಅಡವಿಟ್ಟು ಮುನ್ನೂರು ರೂಪಾಯಿ ಆ ವಾರವೇ ವಾಪಸ್ಸಾಯಿತು, ಮನೆಯೂ ಸಿಕ್ಕಿತು. ಆದರೆ ಆ ಸಂಜೆ ರುದ್ರಪ್ಪ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ನನಗ ಕಣ್ಣು ಕಾಣಂಗಿಲ್ಲ ಅನ್ನೂದು ಊರಿಗೆಲ್ಲ ಗೊತ್ತೈತಿ, ನರಹರಿ. ಅದರ ಮ್ಯಾಲೆ ಲೆಕ್ಕ ಹಾಕಿದಾವ ನೀ ಒಬ್ಬನ."

ನರಹರಿ ಎದ್ದು, ರೂಢಿಯಂತೆ ಕೈ ಚಾಚಿದ. ರುದ್ರಪ್ಪ ಗೋಡೆ ಸವರುತ್ತ, ಒಬ್ಬರೇ ಮೆಟ್ಟಿಲಿಳಿದರು.